ನಿಂಗವ್ವ ಬೈಯದ ಐದು ದಿನ

ನೀರಿನ ಬಗ್ಗೆ ನನ್ನನ್ನು ಏನು ಬೇಕಾದರೂ ಕೇಳಿ, ಹೇಳುತ್ತೇನೆ. ಎಷ್ಟು ಡಿಗ್ರಿಗೆ ಕುದಿಯುತ್ತದೆ, ಎಷ್ಟಕ್ಕೆ ಹೆಪ್ಪುಗಟ್ಟುತ್ತದೆ, ಹೆಪ್ಪುಗಟ್ಟಿದ ಮೇಲೆ ಮುಳುಗದೆ ಯಾಕೆ ತೇಲುತ್ತದೆ, ಎಲ್ಲವೂ ನನಗೆ ನಿದ್ದೆಗಣ್ಣಲ್ಲೂ ಬರುತ್ತದೆ. ಇಪ್ಪತ್ತಾರು ವರ್ಷದಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೇನೆ, ಇಷ್ಟಾದರೂ ಬರಬೇಡವೇ? ಆದರೆ ನಮ್ಮ ಮನೆಯ ನಲ್ಲಿಗೆ ಆ ನೀರು ಯಾವ ದಾರಿಯಿಂದ ಬರುತ್ತದೆ, ಯಾರು ಬಿಟ್ಟರೆ ಬರುತ್ತದೆ ಎನ್ನುವುದು ಮಾತ್ರ ಮೊನ್ನೆ ಮೊನ್ನೆಯವರೆಗೂ ಗೊತ್ತಿರಲಿಲ್ಲ. ಬೆಳಿಗ್ಗೆ ನಲ್ಲಿ ತಿರುಗಿಸುವುದು, ಬಂದರೆ ತುಂಬಿಕೊಳ್ಳುವುದು, ಬರದಿದ್ದರೆ ಪಂಚಾಯ್ತಿಯವರ ವಂಶ ಜಾಲಾಡುವುದು. ನಮ್ಮ ಮನೆಯವರು ಇದನ್ನೇ ಒಮ್ಮೆ ಎತ್ತಿ ಆಡಿದ್ದರು. "ಪಾಠ ನೀರಿಂದು, ಬೈಗುಳ ಪಂಚಾಯ್ತಿಗೆ. ನಡುವಿನ ಪೈಪಿನ ಸುದ್ದಿ ನಿನಗ ಬ್ಯಾಡೇನ?" ಅಂದಿದ್ದರು. ನಾನು ಕೇಳಿಸದವಳಂತೆ ರೊಟ್ಟಿ ಬಡಿದಿದ್ದೆ.

ನಮ್ಮೂರು ನವಲಗುಂದದಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಎರೆ ನೆಲ. ಬೋರು ಕೊರೆದರೆ ಬರುವುದು ಉಪ್ಪುನೀರು; ಅದರಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆಯಾಗುವುದಿಲ್ಲ. ಹಾಗಾಗಿ ಕಾಲುವೆಗೆ ನೀರು ಬಿಟ್ಟಾಗ ಊರ ಕೆರೆ ತುಂಬಿಸಿಕೊಂಡು, ಸೋಸಿ, ಟಾಕಿಗೆ ಏರಿಸಿ, ಅಲ್ಲಿಂದ ಆರು ಓಣಿಗಳಿಗೆ ಬಿಡುತ್ತಾರೆ. 'ಬಿಡುತ್ತಾರೆ' ಎಂದು ಬಹುವಚನ ಹಾಕಿದೆನಲ್ಲ, ಅದು ಗೌರವಕ್ಕೆ. ಬಿಡುವವರು ಒಬ್ಬರೇ, ನಮ್ಮ ಮೌಲಾಸಾಬ ಕಾಕಾ. ಮೂವತ್ತು ವರ್ಷದಿಂದ ಬೆಳಿಗ್ಗೆ ಆರಕ್ಕೆ ಎದೆಯೆತ್ತರದ ಕಬ್ಬಿಣದ ಚಾವಿಯನ್ನು ಹೆಗಲಿಗೇರಿಸಿ ಹೊರಡುವವರು. ನೆಲದೊಳಗಿನ ವಾಲ್ವುಗಳನ್ನು ಆ ಚಾವಿಯಿಂದ ತಿರುಗಿಸಿ ಒಂದೊಂದು ಓಣಿಗೆ ನೀರು ಕೊಟ್ಟು ಎಂಟರ ಹೊತ್ತಿಗೆ ಮುಗಿಸುತ್ತಾರೆ. ಆ ಎರಡು ಗಂಟೆಯ ವಿದ್ಯೆ ಊರಿನಲ್ಲಿ ಬೇರೆ ಯಾರಿಗೂ ಇಲ್ಲ.

ಇಲ್ಲ ಎಂದರೆ ಪಂಚಾಯ್ತಿ ಪ್ರಯತ್ನಪಡಲಿಲ್ಲ ಎಂದಲ್ಲ. ಮೊದಲು ಒಬ್ಬ ಹುಡುಗನನ್ನು ಧಾರವಾಡಕ್ಕೆ ತರಬೇತಿಗೆ ಕಳಿಸಿದರು. ಅವನು ಸರ್ಟಿಫಿಕೇಟು ತೆಗೆದುಕೊಂಡು ಊರಿಗೆ ಬರುವ ಬದಲು ಅಲ್ಲೇ ಒಂದು ಕಾರ್ಖಾನೆಗೆ ಹೋಗಿ ತೋರಿಸಿದ. ಅವರು ಕೂಡಲೇ ಸೇರಿಸಿಕೊಂಡರು. ಎರಡನೆಯವನು ಊರಿಗೇನೋ ಬಂದ, ಒಂದು ವಾರ ಚಾವಿ ಹೊತ್ತ, ಬೈಸಿಕೊಂಡ. ಮುಂದಿನ ವಾರ ನವಲಗುಂದದಲ್ಲಿ ಪೈಪಿನ ಅಂಗಡಿ ತೆರೆದ. ಮೂರನೆಯವನು ತರಬೇತಿಗೇ ಹೋಗಲು ಒಪ್ಪಲಿಲ್ಲ. "ನೀರು ಬಿಡಾಂವಗ ಯಾರ್ರಿ ಹೆಣ್ಣ ಕೊಡ್ತಾರ?" ಎಂದು ಪಿಡಿಒ ಸಾಹೇಬರನ್ನೇ ಕೇಳಿದನಂತೆ. ಇನ್ನೂ ಮದುವೆಯಾಗದ ಪಿಡಿಒ ಸಾಹೇಬರಿಗೆ ಅದು ನಿಜವಾದ ಅಡಚಣೆ ಎಂದೇ ಕಂಡಿರಬೇಕು, ಸುಮ್ಮನಾದರು.

ಅಷ್ಟರಲ್ಲಿ ಮೌಲಾಸಾಬ ಕಾಕಾರ ಕಣ್ಣಿಗೆ ಪೊರೆ ಬಂತು. ಎಡಗಣ್ಣು ಅದಾಗಲೇ ಮಸುಕಾಗಿತ್ತು, ಬಲಗಣ್ಣು ಅದರ ಹಾದಿ ಹಿಡಿದಿತ್ತು. ಹುಬ್ಬಳ್ಳಿಯ ಡಾಕ್ಟರು ಆಪರೇಷನ್ನಿಗೆ ಮೂರು ಸಲ ದಿನ ಕೊಟ್ಟರು. ಮೂರು ಸಲವೂ ಕಾಕಾ ಹೋಗಲಿಲ್ಲ. ಹೋದರೆ ಹದಿನೈದು ದಿನ ಬಾಗುವಂತಿಲ್ಲ, ಭಾರ ಎತ್ತುವಂತಿಲ್ಲ, ಧೂಳಿಗೆ ಬರುವಂತಿಲ್ಲ. ನೀರು ಯಾರು ಬಿಡಬೇಕು? ಮೂರನೆಯ ಸಲ ಡಾಕ್ಟರು ಸಿಟ್ಟಾಗಿ, ಇನ್ನೂ ತಡ ಮಾಡಿದರೆ ಆಪರೇಷನ್ ಮಾಡಿಯೂ ಉಪಯೋಗವಿಲ್ಲ ಎಂದುಬಿಟ್ಟರು. ಆಗ ಪಿಡಿಒ ಸಾಹೇಬರಿಗೆ ಒಂದು ವಿಚಾರ ಹೊಳೆಯಿತು. ತರಬೇತಿಗೆ ಕಳಿಸಬೇಕಾದದ್ದು ಜಾಣರನ್ನಲ್ಲ, ಓಡಿಹೋಗಲು ಆಗದವರನ್ನು. ಊರಲ್ಲಿ ಸ್ವಂತ ಮನೆ, ನಿವೃತ್ತಿಗೆ ಐದು ವರ್ಷ, ಮಂಡಿನೋವು, ಜೊತೆಗೆ ಊರ ನೀರಿನ ಸಮಿತಿಯಲ್ಲಿ ಹೆಸರಿಗೊಬ್ಬ ಸದಸ್ಯೆ. ಹೀಗೆ ಎಲ್ಲ ಅರ್ಹತೆಗಳೂ ನನ್ನಲ್ಲಿ ಕೂಡಿದ್ದವು.

"ದಸರಾ ಸೂಟಿ ಐತೆಲ್ರಿ ಅಕ್ಕೋರ. ಹದಿನೈದ ದಿನದ ಮಾತು. ನೀವು ವಿಜ್ಞಾನದವ್ರು, ನಿಮಗೇನ ದೊಡ್ಡದು?" ಅಂದರು. ಆ ಕೊನೆಯ ಮಾತು ಇರದಿದ್ದರೆ ನಾನು ಖಂಡಿತ ಇಲ್ಲ ಎನ್ನುತ್ತಿದ್ದೆ. ನನಗೂ ಒಳಗೊಳಗೇ ಕುತೂಹಲವಿತ್ತು. ಇಷ್ಟು ವರ್ಷ ಬರೀ ಕಪ್ಪುಹಲಗೆಯ ಮೇಲೆ ಬಾಣದ ಗುರುತು ಹಾಕಿ ಹರಿಸಿದ ನೀರನ್ನು ಒಮ್ಮೆ ನಿಜವಾಗಿ ಹರಿಸಿ ನೋಡಬೇಕಲ್ಲ!

ತರಬೇತಿ ಮೂರು ದಿನ. ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯಿಂದೆಲ್ಲ ನೀರು ಬಿಡುವವರು ಬಂದಿದ್ದರು. ಅವರೆಲ್ಲ ಹಿಂದಿನ ಸಾಲುಗಳಲ್ಲಿ ಕೈಕಟ್ಟಿ ಕೂತರು. ನಾನು ಮುಂದೆ ಕೂತು ಬರೆದುಕೊಂಡೆ. ಹೊಳೆಯುವ ಹೊಸ ವಾಲ್ವೊಂದನ್ನು ಮೇಜಿನ ಮೇಲಿಟ್ಟು ಬಲಕ್ಕೆ ತಿರುಗಿಸಿದರೆ ಮುಚ್ಚುತ್ತದೆ, ಎಡಕ್ಕೆ ತಿರುಗಿಸಿದರೆ ತೆರೆಯುತ್ತದೆ ಎಂದು ತೋರಿಸಿದರು. ಪರೀಕ್ಷೆಯಲ್ಲಿ ನಾನು ಮೊದಲನೆಯವಳು. ಚಹಾದ ಹೊತ್ತಿನಲ್ಲಿ ಯರಗುಪ್ಪಿ ಕಡೆಯ ಒಬ್ಬರು ತಮ್ಮೂರಿನ ಒಂದು ವಾಲ್ವು ಹ್ಯಾಗೆ ಮಳೆಗಾಲದಲ್ಲಿ ಒಂದು ತರಹ, ಬೇಸಿಗೆಯಲ್ಲಿ ಇನ್ನೊಂದು ತರಹ ವರ್ತಿಸುತ್ತದೆ ಎಂದು ಹೇಳತೊಡಗಿದರು. ಅದು ಪಾಠದಲ್ಲಿ ಇರಲಿಲ್ಲವಾದ್ದರಿಂದ ನಾನು ಬರೆದುಕೊಳ್ಳಲಿಲ್ಲ. ಒಂದು ಚೀಲ, ಒಂದು ಟೋಪಿ, ಒಂದು ಸರ್ಟಿಫಿಕೇಟಿನೊಂದಿಗೆ ಊರಿಗೆ ಮರಳಿದೆ. ಟೋಪಿ ನೀಲಿ ಬಣ್ಣದ್ದು, ನನ್ನ ತುರುಬಿನ ಮೇಲೆ ಕೂರುತ್ತಿರಲಿಲ್ಲ, ಆದರೂ ಹಾಕಿಕೊಂಡೆ.

ಆಪರೇಷನ್ನಿಗೆ ಇನ್ನೆರಡು ದಿನವಿತ್ತು. ಕಾಕಾ ನನ್ನನ್ನು ಓಣಿ ಓಣಿ ಸುತ್ತಿಸಿದರು. ನಾನು ಅಳತೆಪಟ್ಟಿ ಹಿಡಿದು ನಕ್ಷೆ ಬರೆಯಲು ಹೊರಟೆ. ಕಷ್ಟವೇನೆಂದರೆ ಕಾಕಾರ ವಾಲ್ವುಗಳ ಹೆಸರೆಲ್ಲ ಈಗ ಇಲ್ಲದ ವಸ್ತುಗಳವು. 'ಬೇವಿನ ಗಿಡದ ವಾಲ್ವ' ಎನ್ನುವಲ್ಲಿ ಗಿಡ ಕಡಿದು ಹದಿನೈದು ವರ್ಷವಾಗಿದೆ. 'ಬಡಿಗೇರ ಅಂಗಡಿ ವಾಲ್ವ' ಎನ್ನುವಲ್ಲಿ ಈಗ ಮೊಬೈಲ್ ಅಂಗಡಿ. "ಹೆಸರು ಬದಲಿ ಮಾಡಬಾರದೇನ್ರಿ ಕಾಕಾ?" ಎಂದರೆ, "ನೀರಿಗೆ ಗೊತ್ತಾಗಬೇಕಲ್ರಿ ಅಕ್ಕೋರ" ಎಂದು ನಕ್ಕರು. ಒಂದು ಕಡೆ ಚಾವಿಯನ್ನು ವಾಲ್ವಿನ ಮೇಲೆ ನಿಲ್ಲಿಸಿ ಅದರ ತುದಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿಕೊಂಡು, "ಹ್ಞಾಂ, ಹೊಂಟೈತಿ" ಅಂದರು. ಘನವಸ್ತುವಿನಲ್ಲಿ ಶಬ್ದ ಗಾಳಿಗಿಂತ ಬೇಗ ಸಾಗುತ್ತದೆ ಎಂದು ನಾನು ಅವರಿಗೆ ವಿವರಿಸಿದೆ. ಅವರು ಶ್ರದ್ಧೆಯಿಂದ ಕೇಳಿ ಚಾವಿಯನ್ನು ನನ್ನ ಕೈಗೆ ಕೊಟ್ಟರು. ನಾನೂ ಕಿವಿಗೊತ್ತಿಕೊಂಡೆ. ಕಬ್ಬಿಣ ತಣ್ಣಗಿತ್ತು, ಬೇರೇನೂ ತಿಳಿಯಲಿಲ್ಲ.

ಕೊನೆಯದು ಮೇಲಿನ ಓಣಿ, ದಿಬ್ಬದ ಮೇಲಿನದು. ಅದಕ್ಕೆ ನೀರು ಏರಬೇಕಾದರೆ ಬೇವಿನ ಗಿಡದ ವಾಲ್ವನ್ನು ಮುಕ್ಕಾಲು ಮುಚ್ಚಿ, ಕೆಳಗಿನ ಓಣಿಗೆ ಹೋಗುವ ನೀರನ್ನು ಹಿಡಿಯಬೇಕು. ಪೂರ್ತಿ ಮುಚ್ಚಿದರೆ ಒತ್ತಡಕ್ಕೆ ಹಳೆಯ ಪೈಪಿನ ಜೋಡು ಬಿಚ್ಚುತ್ತದೆ. "ಮುಕ್ಕಾಲು ಅಂದ್ರ ಎಷ್ಟು ಸುತ್ತು?" ಎಂದು ಪೆನ್ನು ಹಿಡಿದು ಕೇಳಿದೆ. ಕಾಕಾ ಯೋಚಿಸಿದರು. "ಸುತ್ತು ಎಣಿಸಿಲ್ರಿ. ಅಲ್ಲಿ ಕೊನಿ ಮನಿ ನಿಂಗವ್ವಂದು. ನೀರು ಬರೂತನಾ ನನಗ ಬೈತಾಳ. ಬೈಯೂದು ನಿಂತ್ತಂದ್ರ ನೀರು ಮುಟ್ಟೇತಿ ಅಂತ ತಿಳೀರಿ. ಅಲ್ಲಿಗೆ ಕೈ ನಿಲ್ಲಸ್ರಿ." ನಾನು ನಕ್ಕು, ಬರೆದುಕೊಂಡೆ: ನಿಂಗವ್ವ—ಬೈಗುಳ—ನಿಂತಾಗ ನಿಲ್ಲಿಸುವುದು. ನಮ್ಮ ಪ್ರಯೋಗಶಾಲೆಯ ಒತ್ತಡಮಾಪಕಕ್ಕಿಂತ ಸರಳ ಉಪಕರಣ ಎಂದು ಮನಸ್ಸಿನಲ್ಲೇ ಮೆಚ್ಚಿದೆ. ಕಾಕಾ ಸಮಾಧಾನದಿಂದ ಹುಬ್ಬಳ್ಳಿಗೆ ಮಗಳ ಮನೆಗೆ ಹೋದರು, ಆಪರೇಷನ್ ಆಯಿತು.

ಮೊದಲ ದಿನ ನಾನು ಟೋಪಿ ಹಾಕಿಕೊಂಡು, ಕೈಗಡಿಯಾರ ನೋಡಿಕೊಂಡು ಐದು ಓಣಿ ಮುಗಿಸಿದೆ. ಬೇವಿನ ಗಿಡದ ವಾಲ್ವನ್ನು ಬಲಕ್ಕೆ ತಿರುಗಿಸುತ್ತ ಕಿವಿ ನಿಮಿರಿಸಿದೆ. ಬೈಗುಳವಿಲ್ಲ. ಇನ್ನೊಂದು ಸುತ್ತು ಹಾಕಿದೆ. ಇಲ್ಲ. ಮುನ್ನೂರು ಹೆಜ್ಜೆಯ ಏರು ಹತ್ತಿ ಮಂಡಿ ಹಿಡಿದುಕೊಂಡು ಹೋಗಿ ನೋಡಿದರೆ ನಿಂಗವ್ವ ಬಾಗಿಲಲ್ಲಿ ನಿಂತು ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ಆರಾಮ ಅದೀರೇನ್ರಿ ಅಕ್ಕೋರ?"

"ಆರಾಮವಾ. ಎಲ್ಲಾ ಛಲೋ ಐತೇನು?"

"ನೀವು ಬಂದ ಮ್ಯಾಲೆ ಛಲೋ ಇರಲಾರದ ಏನ್ರಿ!"

ಅಗದಿ ಸಂತೋಷವಾಯಿತು. ಕಾಕಾ ಮೂವತ್ತು ವರ್ಷ ಬೈಸಿಕೊಂಡು ಮಾಡಿದ್ದನ್ನು ನಾನು ಮೊದಲ ದಿನವೇ ಒಂದು ಮಾತು ಅನ್ನಿಸಿಕೊಳ್ಳದೆ ಮಾಡಿದ್ದೆ. ಪಂಚಾಯ್ತಿ ರಜಿಸ್ಟರಿನಲ್ಲಿ 'ದೂರು: ಇಲ್ಲ' ಎಂದು ದುಂಡಗೆ ಬರೆದೆ. ಎರಡನೆಯ ದಿನವೂ ಇಲ್ಲ. ಮೂರನೆಯ ದಿನವೂ ಇಲ್ಲ. ನಾಲ್ಕನೆಯ ದಿನ ನಿಂಗವ್ವ ಮತ್ತು ಅವಳ ನೆರೆಯ ಹೆಂಗಸರು ಕೊಡ ಹೊತ್ತು ಕೆರೆಯ ಕಡೆಯಿಂದ ಬರುತ್ತಿದ್ದದ್ದು ಕಂಡಿತು. ಎಮ್ಮೆಗಳಿಗಿರಬೇಕು ಅಂದುಕೊಂಡೆ. ಮಕ್ಕಳು ಪ್ರಯೋಗ ಮಾಡದೆ ಫಲಿತಾಂಶ ಬರೆದರೆ ಕಿವಿ ಹಿಂಡುವ ನಾನು, ಒಂದು ಸಲವಾದರೂ ನಿಂಗವ್ವನ ಮನೆಯ ನಲ್ಲಿ ತಿರುಗಿಸಿ ನೋಡಬಾರದಿತ್ತೇ? ನೋಡಲಿಲ್ಲ. ಹೊಗಳಿಕೆ ಕೇಳುತ್ತಿದ್ದವಳಿಗೆ ನಲ್ಲಿ ಎಲ್ಲಿ ನೆನಪಾಗಬೇಕು?

ಐದನೆಯ ದಿನ ಸಂಜೆ ಕಾಕಾರಿಗೆ ಫೋನ್ ಮಾಡಿದೆ. ಕಣ್ಣಿನ ಪಟ್ಟಿ ಬಿಚ್ಚಿದ್ದರು, ಹನಿ ಹಾಕುತ್ತಿದ್ದರು. ನಾನು ಕ್ಷೇಮಸಮಾಚಾರ ಮುಗಿಸುವ ಮೊದಲೇ ಅವರು ಕೇಳಿದರು, "ನಿಂಗವ್ವ ಬೈತಾಳೇನ್ರಿ?"

"ಒಂದ ಮಾತಿಲ್ರಿ ಕಾಕಾ," ಅಂದೆ, ಬೀಗುತ್ತ.

"ಐದ ದಿನದಾಗ ಒಮ್ಮೆನೂ?"

"ಒಮ್ಮೆನೂ."

ಕಾಕಾ ಮೆಲ್ಲಗೆ, "ಯಾ ಅಲ್ಲಾ! ಆಕಿಗೆ ಐದ ದಿನದಿಂದ ನೀರ ಮುಟ್ಟಿಲ್ರಿ ಅಕ್ಕೋರ" ಅಂದರು. "ಬೈಯೂದು ಸುರೂನ ಆಗಿಲ್ಲ, ನಿಂತದ್ದ ಹೆಂಗ ತಿಳೀತು ನಿಮಗ? ಆ ಬೇವಿನ ಗಿಡದ ವಾಲ್ವ ಮುಚ್ಚೀರೋ ಇಲ್ಲೋ?"

"ಬಲಕ್ಕ ತಿರುಗಿಸಿ ಮುಚ್ಚೇನ್ರಿ."

"ಬಲಕ್ಕ..." ಅಂದವರು, "ತಡೀರಿ, ನಾ ತಿರುವಿ ನೋಡ್ತೀನಿ" ಅಂದರು. ಹುಬ್ಬಳ್ಳಿಯಲ್ಲಿ ಕೂತು ಎಲ್ಲಿಯ ವಾಲ್ವು ತಿರುವುತ್ತಾರೆ? ಆಮೇಲೆ ಅವರ ಮಗಳು ಹೇಳಿದ್ದು: ಫೋನು ಹಾಸಿಗೆಯ ಮೇಲಿಟ್ಟು, ಎದ್ದು ನಿಂತು, ಕಣ್ಣು ಮುಚ್ಚಿ, ಬರಿಗೈಯಲ್ಲಿ ಗಾಳಿಯನ್ನು ತಿರುಗಿಸಿದರಂತೆ. ಮತ್ತೆ ಫೋನಿಗೆ ಬಂದಾಗ ಅವರ ದನಿಯಲ್ಲಿ ಆಶ್ಚರ್ಯವಿತ್ತು. "ಅಕ್ಕೋರ, ನನ್ನ ಕೈ ಎಡಕ್ಕ ತಿರುಗಾಕತ್ತೈತ್ರಿ. ಅದೊಂದು ವಾಲ್ವ ಉಲ್ಟಾ ಐತಿ. ನನಗ ಗೊತ್ತ ಇರಲಿಲ್ಲ ನೋಡ್ರಿ, ಕೈಗೆ ಗೊತ್ತಿತ್ತು."

ಅಂದರೆ ಐದು ದಿನ ನಾನು ಮುಚ್ಚುತ್ತೇನೆಂದು ತೆರೆದಿದ್ದೆ. ನೀರೆಲ್ಲ ಕೆಳಗಿನ ಓಣಿಗೆ ಇಳಿದಿತ್ತು. ಕೆಳಗಿನ ಓಣಿಯವರು ಅದಕ್ಕೇ ನನ್ನನ್ನು ಕಂಡಾಗಲೆಲ್ಲ ಅಷ್ಟು ವಿಶೇಷವಾಗಿ ನಮಸ್ಕಾರ ಮಾಡುತ್ತಿದ್ದರು. ಎಡಕ್ಕೆ ಎಷ್ಟು ಸುತ್ತು ಎಂದು ಕೇಳಿದರೆ ಮತ್ತದೇ ಉತ್ತರ: ನಿಂಗವ್ವನ ಬಾಯಿ. "ನೀವೇನ ಮಾಡ್ತೀರಿ, ಆಕಿ ನಿಮಗ ಬೈಯಾಂಗಿಲ್ಲ. ನಾ ಮುಂಜಾನೆ ಬಸ್ಸಿಗೆ ಬರ್ತೀನಿ" ಎಂದರು ಕಾಕಾ. ಹಿಂದಿನಿಂದ ಮಗಳು ಕೂಗಾಡುತ್ತಿದ್ದದ್ದು ನನಗೂ ಕೇಳಿಸಿತು. ಬಸ್ಸಿನ ಧೂಳು, ಆ ಭಾರದ ಚಾವಿ, ವಾಲ್ವಿನ ಗುಂಡಿಗೆ ಬಾಗುವುದು. ನನ್ನ ಜಾಣತನಕ್ಕೆ ಆ ಮನುಷ್ಯನ ಕಣ್ಣು ಹೋಗಬೇಕೇ? ಬೇಡಿಕೊಂಡೆ. ಕೊನೆಗೆ ಅವರು ಮುಂಜಾನೆ ಎಂಟರವರೆಗೆ ಗಡುವು ಕೊಟ್ಟರು. "ಎಂಟಕ್ಕ ಫೋನ್ ಬರಲಿಲ್ಲಂದ್ರ ನಾ ಬಸ್ಸಿನ್ಯಾಗ ಇರ್ತೀನಿ."

ಮರುದಿನ ಉಳಿದ ಓಣಿಗಳನ್ನು ಬೇಗ ಮುಗಿಸಿ ಏಳೂಕಾಲಿಗೆ ನಿಂಗವ್ವನ ಮನೆ ಮುಂದೆ ನಿಂತೆ. ಟೋಪಿ ಮನೆಯಲ್ಲೇ ಬಿಟ್ಟಿದ್ದೆ.

"ನಿಂಗವ್ವಾ, ಖರೇ ಹೇಳು. ನೀರು ಬಂದು ಎಷ್ಟು ದಿನ ಆತು?"

"ಬರ್ತೈತ್ರಿ ಅಕ್ಕೋರ, ಎಲ್ಲಿ ಹೋಗ್ತೈತಿ."

"ಎಷ್ಟು ದಿನ ಆತು?"

ಅವಳು ಸೆರಗಿನ ಅಂಚು ಹಿಡಿದು ನೆಲ ನೋಡಿದಳು. "ನೀವು ಚಾವಿ ಹಿಡದಾಗಿಂದ ಬಂದಿಲ್ರಿ."

"ಮತ್ತ ಒಂದ ಮಾತು ಹೇಳಬಾರದೇನವಾ?"

"ನಿಮಗ ಹೆಂಗ ಅನ್ನೂದ್ರಿ? ನನ್ನ ಮೂರೂ ಮಕ್ಕಳಿಗೆ ಕಲಿಸಿದವ್ರು ನೀವು. ಓಣ್ಯಾಗ ಎಲ್ಲಾರಿಗೂ ಹೇಳೀನಿ, ಅಕ್ಕೋರಿಗೆ ಯಾರೂ ಏನೂ ಅನಬ್ಯಾಡ್ರಿ ಅಂತ."

"ಮೌಲಾ ಕಾಕಾಗ ದಿನಾ ಬೈತಿದ್ದೆಲ್ಲ!"

"ಅಂವಾ ನಮ್ಮಾಂವ್ರಿ," ಎಂದಳು, ಇದನ್ನೂ ಹೇಳಬೇಕೇ ಎನ್ನುವ ಹಾಗೆ. "ಅಂವಗ ಬೈಲಾರದ ಯಾರಿಗೆ ಬೈಲಿ?"

ಆ ಮಾತಿನಿಂದ ನನಗಾದ ಬೇಸರ ನನಗೇ ವಿಚಿತ್ರವಾಗಿ ಕಂಡಿತು. ಬೈಗುಳ ಸಿಗಲಿಲ್ಲವೆಂದು ಯಾರಾದರೂ ನೊಂದುಕೊಳ್ಳುತ್ತಾರೆಯೇ? ನಾನು ನೊಂದುಕೊಂಡೆ. ಆದರೆ ಹೊತ್ತಿರಲಿಲ್ಲ. ಕಾಕಾರ ಕಣ್ಣಿನ ವಿಷಯ, ಎಂಟರ ಗಡುವು, ಉಲ್ಟಾ ವಾಲ್ವು ಎಲ್ಲ ಹೇಳಿ, "ಇವತ್ತು ನೀ ನನಗ ಬೈಯಬೇಕು. ವಾಲ್ವಿನ ತನಕಾ ಕೇಳಬೇಕು. ನೀರು ಬರೂತನಾ ನಿಲ್ಲಸಬ್ಯಾಡ" ಎಂದೆ. ಫೋನಿನಲ್ಲಿ ಹೇಳು ಎನ್ನೋಣವೆಂದರೆ ಅವಳ ಮನೆಯ ಫೋನು ಮಗನ ಜೊತೆ ಹೊಲಕ್ಕೆ ಹೋಗಿತ್ತು. ನಾನೇ ಹತ್ತಿ ಇಳಿದು ನೋಡೋಣವೆಂದರೆ ಒಂದೊಂದು ಸುತ್ತಿಗೂ ಆ ಏರು. ನನ್ನ ಮಂಡಿಗೆ ಅಂದು ಎರಡು ಸಲ ಸಾಕಾಗುತ್ತಿತ್ತು.

ವಾಲ್ವಿಗೆ ಬಂದು ಚಾವಿ ಇಳಿಸಿ ಎಡಕ್ಕೆ ಒಂದು ಸುತ್ತು ಹಾಕಿದೆ. ಮೇಲಿನಿಂದ ಸಣ್ಣಗೆ ಕೇಳಿಸಿತು: "ಅಕ್ಕೋರ, ಸ್ವಲ್ಪ ನೀರು ಬಂದ್ರ ಛಲೋ ಆಕ್ಕಿತ್ರಿ..." ಇದು ಬೈಗುಳವಲ್ಲ, ಅರ್ಜಿ. "ಇನ್ನೂ ಜೋರ!" ಎಂದು ನಾನೇ ಕೂಗಿದೆ. ಎದುರಿನ ಅಂಗಡಿಯ ಬಾಗಿಲು ತೆರೆಯುತ್ತಿದ್ದವನು ನಿಂತು ನೋಡಿದ. ಇನ್ನೊಂದು ಸುತ್ತು. "ಏನ್ರಿ ಅಕ್ಕೋರ, ಐದ ದಿನ ಆತಲ್ರಿ!" ಮತ್ತೊಂದು ಸುತ್ತು. ಬಹುಶಃ ಬರಿದಾದ ಕೊಡ ಕಣ್ಣಿಗೆ ಬಿತ್ತೇನೋ, ಅಲ್ಲಿಂದ ದನಿ ಬೇರೆಯಾಯಿತು.

"ಯಾರವಾ ಇಕಿ ಕೈಯಾಗ ಚಾವಿ ಕೊಟ್ಟಾರ! ಟೊಪಗಿ ಹಾಕ್ಕೊಂಡು ಅಡ್ಡಾಡಿದ್ರ ನೀರ ಬರ್ತೈತೇನ! ಕೆರಿಗೆ ಹೋಗಿ ಹೋಗಿ ನನ್ನ ನಡಾ ಮುರದು ಹೋತು!" ನಾನು ಹಿಗ್ಗಿ ಅರ್ಧ ಸುತ್ತು ಹಾಕಿದೆ. "ಎಲ್ಲಾ ಛಲೋ ಐತೇನು ಅಂತ ಕೇಳ್ತಾಳ, ಕೊಡದಾಗ ಹಣಿಕಿ ಹಾಕಿ ನೋಡೂದಿಲ್ಲ!" ಕಾಲು ಸುತ್ತು. "ನನಗ ಆವಾಗ್ನ ಗೊತ್ತಾಗಬೇಕಿತ್ತು! ನನ್ನ ಸಣ್ಣ ಮಗಾ ನಿನ್ನ ವಿಜ್ಞಾನದಾಗ ಮೂರ ಸಲ ಫೇಲ್ ಆದಾಗನ ಗೊತ್ತಾಗಬೇಕಿತ್ತು! ಕೊನಿ ಬೆಂಚಿನ್ಯಾಗ ಕುಂತಾಂವ ಅಲ್ಲೇ ಕುಂತ ಉಳದಾ, ನೀ ಮುಂದಿನವ್ರಿಗೆ ಕಲಿಸಿ ಮನಿಗೆ ಹ್ವಾದಿ! ಒಂದ ದಿನರೆ—"

ಅಲ್ಲಿಗೆ ಗಪ್ಪಾಯಿತು. ಕೈ ತನ್ನಷ್ಟಕ್ಕೆ ನಿಂತಿತು. ಎಂಟಕ್ಕೆ ಹತ್ತು ನಿಮಿಷವಿತ್ತು. ಫೋನ್ ಹಚ್ಚಿದೆ.

"ಬೈದಳೇನ್ರಿ?" ಎಂದರು ಕಾಕಾ. ಹಿಂದೆ ಬಸ್ ಸ್ಟ್ಯಾಂಡಿನ ಗದ್ದಲ.

"ಬೈದಳ್ರಿ."

"ನಿಂತ್ತೇನು?"

"ನಿಂತ್ತು."

"ಮುಟ್ಟಿತು ಬಿಡ್ರಿ. ಹಂಗಾರ ನಾ ಮನಿಗೆ ಹೋಗಿ ಮಲಗತೀನಿ" ಅಂದರು.

ಉಳಿದ ದಿನಗಳಲ್ಲಿ ನಿಂಗವ್ವ ಒಂದು ದಿನವೂ ತಪ್ಪಿಸಲಿಲ್ಲ. ಕಾಕಾರ ಕಣ್ಣು ಚೆನ್ನಾಗಿ ಬಂತು. ಮರಳಿ ಬಂದವರು ಕೆಳಗಿನ ಓಣಿಯ ಗೋಡೆಯ ಬಣ್ಣವನ್ನೆಲ್ಲ ನಿಂತು ನಿಂತು ನೋಡಿದರು. ಭಾರ ಎತ್ತಬಾರದೆಂದು ಡಾಕ್ಟರು ಹೇಳಿದ್ದರಿಂದ ಈಗ ಅವರು ಮುಂದೆ ಮುಂದೆ ನಡೆಯುತ್ತಾರೆ, ಮೇಲಿನ ಓಣಿಯ ಇಬ್ಬರು ಸೊಸೆಯಂದಿರು ಚಾವಿ ಹಿಡಿದು ಹಿಂದೆ ಹೋಗುತ್ತಾರೆ. ಇವರನ್ನು ತರಬೇತಿಗೆ ಯಾವಾಗ ಕಳಿಸೋಣ ಎಂದು ಪಿಡಿಒ ಸಾಹೇಬರು ನನ್ನನ್ನು ಕೇಳಿದರು. ಮೊದಲು ಇಲ್ಲಿ ಆರು ತಿಂಗಳು ಬೈಸಿಕೊಳ್ಳಲಿ, ಆಮೇಲೆ ನೋಡೋಣ ಎಂದೆ.

ಸೂಟಿ ಮುಗಿಯಿತು. ಒಂಬತ್ತನೆಯ ತರಗತಿಗೆ ಒತ್ತಡದ ಪಾಠ ಮಾಡಿದೆ. ಚೆನ್ನಾಗಿಯೇ ಮಾಡಿದೆ ಎಂದು ನನಗನ್ನಿಸಿತು. ಮುಗಿಸಿ, ಪುಸ್ತಕ ಮಡಚಿ, ಎಂದಿನಂತೆ "ಎಲ್ಲಾರಿಗೂ ತಿಳೀತೇನು?" ಎಂದು ಕೇಳಿದೆ. "ಹೂನ್ರಿ ಟೀಚರ್!" ಎಂದು ನಲವತ್ತು ಬಾಯಿ ಒಟ್ಟಿಗೆ ಹೇಳಿದವು. ಇಪ್ಪತ್ತಾರು ವರ್ಷ ನಾನು ಆ ಮಾತು ಕೇಳಿ ಮನೆಗೆ ಹೋಗಿ ಚಹಾ ಕುಡಿದಿದ್ದೇನೆ. ಅಂದು ಕಾಲು ಬಾಗಿಲ ಕಡೆ ಹೋಗಲಿಲ್ಲ. ನಡೆದು ಕೊನೆಯ ಬೆಂಚಿನ ಹತ್ತಿರ ಹೋಗಿ ನಿಂತೆ. "ತಿಳೀದಿದ್ದವ್ರು ಹೇಳ್ರಿ. ನಾ ಬೈಯಾಂಗಿಲ್ಲ. ಬೇಕಾದ್ರ ನೀವ ನನಗ ಬೈರಿ" ಎಂದೆ. ಮಕ್ಕಳು ನಕ್ಕರು. ಆಮೇಲೆ ನಗು ನಿಂತಿತು. ಕೊನೆಗೆ ಗೋಡೆಗೆ ಒತ್ತಿ ಕೂತಿದ್ದ ಒಬ್ಬ ಹುಡುಗಿ ಎದ್ದು, ಎರಡೂ ಕೈ ಹಿಂದೆ ಕಟ್ಟಿಕೊಂಡು, ಬಹಳ ಗೌರವದಿಂದ ಹೇಳಿದಳು:

"ಟೀಚರ್, ಜೂನ್ ತಿಂಗಳದಾಗಿಂದ ನನಗ ಏನೂ ತಿಳಿದಿಲ್ರಿ."

ಅವಳ ಬಾಜು ಇನ್ನೊಬ್ಬಳು ಎದ್ದಳು. ಅವಳ ಮುಂದಿನ ಬೆಂಚಿನಲ್ಲಿ ಇಬ್ಬರು ಎದ್ದರು. ಎಣಿಸುವ ಧೈರ್ಯ ನನಗಾಗಲಿಲ್ಲ. ಅಲ್ಲೇ ಅವಳ ಬೆಂಚಿನ ತುದಿಯಲ್ಲಿ ಕೂತು, ಅವಳದೇ ಪುಸ್ತಕ ತೆಗೆದುಕೊಂಡು, ಮೊದಲನೆಯ ಪಾಠ ತೆರೆದೆ.